ನಿಲ್ಲಿಸುವ ಹಕ್ಕು

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಮತ್ತೆ ಅದೇ ಪಿಪಿಟಿ, ಅದೇ ಸ್ಲೈಡುಗಳು. ಬೆಂಗಳೂರಿನ ಸಭೆಗೆ ಇನ್ನೆರಡೇ ವಾರ. ಸರ್ಕಾರ-ಖಾಸಗಿ ಸಹಭಾಗಿತ್ವಕ್ಕೆ, ಅದೇ ಪಿಪಿಪಿಗೆ, ಹೊಸ ನೀತಿ ಬರ್ತಿದೆ, ಜಿಲ್ಲೆಯ ಉದ್ಯಮಿಗಳ ಪರವಾಗಿ ಮಾತಾಡೋಳು ನಾನು. ಸಂಘದ ಕಾರ್ಯದರ್ಶಿ ಅಂದ್ರೆ ಬರೆಯೋದೂ ನಾನೇ, ಓದೋದೂ ನಾನೇ. ಚನ್ನರಾಯಪಟ್ಟಣಕ್ಕೆ ಕೋಲ್ಡ್ ಸ್ಟೋರೇಜು, ಅರಕಲಗೂಡಿಗೆ ಹೊಸ ಬಸ್ ಸ್ಟ್ಯಾಂಡು... ಎಲ್ಲ ಬರೆದಾಯ್ತು. ನಿನ್ನೆ ಸೇರಿಸಿದ ಪ್ಯಾರಾ ಅಧ್ಯಕ್ಷರಿಗೆ ತುಂಬ ಇಷ್ಟ. ಸರ್ಕಾರ ಸಕಾಲಕ್ಕೆ ಬಿಲ್ ಕೊಡದಿದ್ರೆ ಸೇವೆ ನಿಲ್ಲಿಸುವ ಹಕ್ಕು ಕಂಪನಿಗೆ ಇರಬೇಕು. "ಇದೇ ಬೇಕಿತ್ತು ಕಣಮ್ಮ ಯಶಸ್ವಿನಿ" ಅಂದ್ರು. ನ್ಯಾಯ ತಾನೆ? ಕೆಲಸ ಮಾಡಿಸ್ಕೊಂಡು ಕೈ ಎತ್ತಿದ್ರೆ?

ಕೊನೇ ಸ್ಲೈಡಿಗೆ ಅಣ್ಣನ ಫೋಟೋ. ಡಯಾಲಿಸಿಸ್ ಬೆಡ್ ಮೇಲೆ ಹಲ್ಲು ಬಿಟ್ಕೊಂಡು. ಮೊದಲು ಇಲ್ಲಿ ಜಾಗ ಸಿಗದೆ ನಮ್ಮೂರು ಕಟ್ಟಾಯದಿಂದ ಮೈಸೂರಿಗೆ ಅಲೀತಿದ್ದ. ಈಗ ಹಾಸನದಲ್ಲೇ, ಬಿಟ್ಟಿ. ಸರ್ಕಾರದ ಕಟ್ಟಡ, ನಮ್ಮ ಸಂಘದ ಸದಸ್ಯ ಕಾಂತರಾಜು ಸರ್ ಕಂಪನಿಯ ಮಷೀನು. ಪಿಪಿಪಿ ಅಂದ್ರೇನು ಅಂತ ಕೇಳಿದೋರಿಗೆ ಅಣ್ಣನ್ನ ತೋರಿಸಿದ್ರೆ ಸಾಕು.

ನವೆಂಬರ್ 6, ಗುರುವಾರ

ಅಣ್ಣ ಡಯಾಲಿಸಿಸ್ ಆಗದೆ ಸೀದಾ ಆಫೀಸಿಗೇ ಬಂದ. ಜೊತೆಗೆ ಬೋರಪ್ಪ. ಕಟ್ಟಾಯದೋನೇ. ಇಬ್ರಿಗೂ ಒಂದೇ ಬಸ್ಸು, ಅಕ್ಕಪಕ್ಕದ ಬೆಡ್ಡು.

ಅಣ್ಣನೇ ಶುರು ಮಾಡಿದ — "ಮದ್ಯಾನದ ಶಿಫ್ಟು ನಿಲ್ಸವ್ರೆ ಕಣವ್ವ. ಗೌರ್ಮೆಂಟು ದುಡ್ಡು ಕೊಟ್ಟಿಲ್ವಂತೆ. ಓಗ್ರಪ್ಪ, ಪೋನ್ ಮಾಡ್ತೀವಿ ಅಂದ್ರು."

"ಯಾವಾಗ ಮಾಡ್ತಾರಂತೆ?"

"ಅದ್ನ ನೀನೇ ಯೋಳ್ಬೇಕು. ನಿಮ್ ಸಂಗದೋರಲ್ವಾ?"

ಬೋರಪ್ಪನ ಕಾಲು ಊದಿತ್ತು. ಚಪ್ಪಲಿ ಹತ್ತದೆ ಕೈಯಲ್ಲಿ ಹಿಡ್ಕೊಂಡಿದ್ದ. ಇಬ್ರಿಗೂ ಟೀ ತರಿಸೋಕೆ ಹೋದೆ — ನೀರೂ ಅಳತೇಲಿ ಕುಡಿಯೋರು ಅವರು. ಮರೆತೇಬಿಟ್ಟಿದ್ದೆ.

ನವೆಂಬರ್ 7

ಕಾಂತರಾಜು ಸರ್‌ಗೆ ಫೋನ್. ತಣ್ಣಗೆ ಮಾತಾಡಿದ್ರು.

"ನಾನೂ ಸಂಬಳ ಕೊಡ್ಬೇಕಲ್ವೇನಮ್ಮ? ಎಷ್ಟು ತಿಂಗಳಾಯ್ತು ಬಿಲ್ ಬಂದು! ಶಿಫ್ಟು ನಿಲ್ಲಿಸಿದ್ರೇನೇ ಅವ್ರಿಗೆ ಬಿಸಿ ಮುಟ್ಟೋದು. ನೀವೇ ಬರೆದಿದೀರಲ್ಲ."

ನೀವೇ ಬರೆದಿದೀರಲ್ಲ.

ಆಮೇಲೆ — "ನಿಮ್ಮಣ್ಣನ್ನ ಬೆಳಗಿನ ಶಿಫ್ಟಿಗೆ ಹಾಕಿಸ್ತೀನಿ. ಸಭೆ ಮುಗಿಯೋ ತನಕ ಇದನ್ನ ದೊಡ್ಡದು ಮಾಡ್ಬೇಡಿ."

ಆಯ್ತು ಸರ್ ಅಂದೆ. ಥ್ಯಾಂಕ್ಸ್ ಕೂಡ ಅಂದೆ. ಬೋರಪ್ಪನ ಹೆಸರು ನಾಲಿಗೆ ತುದಿಗೆ ಬಂತು, ಹೊರಗೆ ಬರಲಿಲ್ಲ.

ನವೆಂಬರ್ 12, ಬುಧವಾರ

ಬರೆಯೋಕಾಗಿಲ್ಲ. ಕೂತಲ್ಲಿ ಕೂರೋಕಾಗ್ತಿಲ್ಲ. ಇವತ್ತು ರಂಜಿತಾ ಅತ್ತಿಗೆ ಫೋನಲ್ಲಿ ಅಳ್ತಿದ್ರು. ಸೋಮವಾರ ಅಣ್ಣ ಬೆಳಗಿನ ಶಿಫ್ಟಿಗೆ ಹೋಗಿಯೂ ಡಯಾಲಿಸಿಸ್ ಮಾಡಿಸ್ಕೊಂಡೇ ಇಲ್ಲ. ಅಲ್ಲಿಯ ನರ್ಸನ್ನ ಕಾಡಿ ಬೇಡಿ, ತನ್ನ ಜಾಗದಲ್ಲಿ ಬೋರಪ್ಪನ್ನ ಮಲಗಿಸಿ ಬಂದಿದಾನೆ!

ಕಟ್ಟಾಯಕ್ಕೆ ಓಡಿದೆ. ಮುಖ ಊದಿದೆ. ದಿಂಬಿಗೆ ಒರಗಿ ಕೂತಿದಾನೆ, ಮಲಗಿದ್ರೆ ಉಸಿರು ಕಟ್ಟುತ್ತೆ.

"ಸಾಯ್ಬೇಕು ಅಂತ ಮಾಡಿದೀಯಾ ಅಣ್ಣ?" ಕಿರುಚಿಬಿಟ್ಟೆ.

"ಒಂದ್ಸಲ ಅವ್ನು, ಒಂದ್ಸಲ ನಾನು. ನಾಳೆ ನಂದೇ ಸರದಿ, ಓಗ್ತೀನಿ ಬುಡು. ಅವ್ನಿಗೆ ನಿನ್ನಂತ ತಂಗಿ ಇಲ್ವಲ್ಲವ್ವ."

ಚುಚ್ಚೋಕೆ ಅಂದಿದ್ದಲ್ಲ. ಅದಕ್ಕೇ ತಡ್ಕೊಳ್ಳೋಕಾಗ್ಲಿಲ್ಲ.

ನವೆಂಬರ್ 17. ರೈಲಲ್ಲಿ, ಸಂಜೆ

ಬೆಂಗಳೂರಿನ ಸಭೆ ಮುಗಿಸಿ ವಾಪಸ್. ಕೋಲ್ಡ್ ಸ್ಟೋರೇಜು, ಬಸ್ ಸ್ಟ್ಯಾಂಡು... ಸರಿಯಾಗೇ ಹೋಯ್ತು. ಅಣ್ಣನ ಫೋಟೋ ಬಂತು. ಬರೆದಿಟ್ಟ ಹಾಳೆ ಮಡಚಿಟ್ಟೆ. ಅಧ್ಯಕ್ಷರು ಕೆಮ್ಮಿದ್ರು.

ಬಾಯಿಗೆ ಬಂದದ್ದು ಹೇಳ್ದೆ — "ಇವನು ನನ್ನಣ್ಣ ದೇವರಾಜು. ಪಿಪಿಪಿಯಿಂದಲೇ ಬದುಕಿದಾನೆ. ಈಗ ಬಿಲ್ ಬಾಕಿ ಅಂತ ಇವನ ಶಿಫ್ಟು ನಿಲ್ಲಿಸಿದಾರೆ. ಅಂಥ ಹಕ್ಕು ಬೇಕು ಅಂತ ಬರೆದೋಳು ನಾನೇ. ಬಸ್ ಸ್ಟ್ಯಾಂಡ್ ಕೆಲಸ ನಿಂತ್ರೆ ಜನ ಕಾಯ್ತಾರೆ ಸರ್. ಇವನಿಗೆ ಕಾಯೋಕಾಗಲ್ಲ. ಜೀವ ಉಳಿಸೋ ಸೇವೆಗೆ ಈ ಹಕ್ಕು ಬೇಡ. ಕಂಪನಿಗೆ ಕೊಡೋ ದುಡ್ಡು ಮೊದಲೇ ಬೇರೆ ಖಾತೆಯಲ್ಲಿ ಇಡಿ, ನಿಲ್ಲಿಸೋ ನೆಪವೇ ಬರದಿರಲಿ."

ದೊಡ್ಡ ಅಧಿಕಾರಿ, ಒಬ್ಬ ಮೇಡಂ, ಕನ್ನಡಕ ತೆಗೆದು "ಯಾವ ಸೆಂಟರು?" ಅಂದ್ರು. ಹೇಳಿದೆ. ಕಾಂತರಾಜು ಸರ್ ಎದ್ದು ಹೊರಗೆ ಹೋದ್ರು.

ವಾಪಸ್ ಬರೋಕೆ ಅಧ್ಯಕ್ಷರ ಕಾರಲ್ಲಿ ಜಾಗ ಇಲ್ಲ ಅಂದ್ರು. ಹಿಂದಿನ ಸೀಟು ಖಾಲಿ ಇತ್ತು.

ನವೆಂಬರ್ 24, ಸೋಮವಾರ

ಬಿಲ್ ಒಂದಿಷ್ಟು ಬಿಡುಗಡೆ. ಮಧ್ಯಾಹ್ನದ ಶಿಫ್ಟು ಮತ್ತೆ ಶುರು.

ಸಂಘದಲ್ಲಿ ಸಹಿ ಕೇಳಿದ್ರು. ಆವತ್ತು ಆಡಿದ್ದು ನನ್ನ ಸ್ವಂತ ಮಾತು, ಸಂಘದ ನಿಲುವು ಬದಲಾಗಿಲ್ಲ ಅಂತ. ಹಾಕಲಿಲ್ಲ. ಹಾಗಾದ್ರೆ ನಾಳೆಯಿಂದ ಬರಬೇಡಿ ಅಂದ್ರು. ಡ್ರಾಯರ್ ಖಾಲಿ ಮಾಡ್ತಿದ್ದಾಗ ಅಣ್ಣನ ಫೋನು, ಬೆಡ್ಡಿಂದಲೇ.

"ಕೆಲ್ಸ ಓಯ್ತಾ?"

"ಹೋಯ್ತಣ್ಣ."

"ಬೋರಪ್ಪ, ನಮ್ ಯಶೂನ ಕೆಲ್ಸದಿಂದ ತಗುದ್ಬುಟ್ರಂತೆ ಕಣ್ಲಾ!"

ಆ ಕಡೆಯಿಂದ ಬೋರಪ್ಪ — "ಬರಾಕ್ ಯೋಳ್ಲಾ. ಬಸ್ಸಲ್ಲಿ ನಮ್ಗೆ ಸೀಟಿಡಿಯಾಕೆ ಒಬ್ರು ಬೇಕಿತ್ತು."

ನಕ್ಕೆ. ಇಡೀ ಆಫೀಸು ತಿರುಗಿ ನೋಡ್ತು.

ನವೆಂಬರ್ 26

ಮನೇಲಿ. ತೊಳೆದ ಪಾತ್ರೇನೇ ತೊಳೀತಿದೀನಿ. ಕರಡು ನೀತಿ ಸರ್ಕಾರದ ವೆಬ್‌ಸೈಟಿಗೆ ಬಂದಿದೆ. ಸಂಘ ಕಳಿಸಿದ್ದ ನಿಲ್ಲಿಸುವ ಹಕ್ಕಿನ ಪ್ಯಾರಾ ಹಾಗೇ ಇದೆ... ನನ್ನದೇ ವಾಕ್ಯ, ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ನಪ್ಪ!

ಸಾರ್ವಜನಿಕರು ಆಕ್ಷೇಪಣೆ ಕಳಿಸಬಹುದಂತೆ. ಸಾರ್ವಜನಿಕರು ಅಂದ್ರೆ ಈಗ ನಾನೂ. ಬರೆಯೋಕೆ ಕೂತಿದೀನಿ. ಪಿಪಿಪಿ ಬೇಡ ಅಂತಲ್ಲ. ಅದಿಲ್ಲದಿದ್ರೆ ಅಣ್ಣ ಇಷ್ಟು ದಿನ ಇರ್ತಿರಲಿಲ್ಲ. ಹಾಗಂತ ಮೊದಲ ಸಾಲಲ್ಲೇ ಬರೀತೀನಿ. ಆದ್ರೆ ಎರಡನೇ ಸಾಲು — ಜೀವ ಉಳಿಸುವ ಸೇವೆಯನ್ನು ನಿಲ್ಲಿಸುವ ಹಕ್ಕು ಯಾರಿಗೂ ಬೇಡ.