ಮೂರು ಬಾರಿ ಬಂದು ಗೈರುಹಾಜರಾದವಳು

ಆಸ್ಪತ್ರೆಯ ಹೊರರೋಗಿ ವಿಭಾಗದ ಮುಖ್ಯಸ್ಥರ ಗಮನಕ್ಕೆ

ಮಾನ್ಯರೇ,

'ಮೂರು ಬಾರಿ ಗೈರುಹಾಜರು' ಎಂದು ಷರಾ ಬರೆದು ನನ್ನ ಹೆಸರನ್ನು ಹೊಡೆದುಹಾಕಿದ್ದೀರಿ. ಮೂರು ಬಾರಿಯೂ ನಾನು ಬಂದಿದ್ದೆ.

ನನಗೆ ವಾಂತಿಯೆಂದರೆ ಭಯ. ಕೊನೆಯ ಸಲ ವಾಂತಿಯಾಗಿ ಹದಿನೆಂಟು ವರ್ಷವಾಯಿತು, ಭಯ ಮಾತ್ರ ಒಂದು ದಿನವೂ ರಜೆ ಹಾಕಿಲ್ಲ. ಇದನ್ನೇ ನಿಮ್ಮ ಚೀಟಿ ಕೌಂಟರಿನಲ್ಲಿ ಹೇಳಿದೆ.

"ವಾಂತಿನಾ? ಎಷ್ಟು ದಿನದಿಂದ?"

"ವಾಂತಿ ಆಗ್ತಿಲ್ಲ ಸರ್. ಆಗಿಬಿಟ್ರೆ ಅಂತ ಹೆದರಿಕೆ."

"ಎಲ್ಲಾ ಒಂದೇ ಕಣಮ್ಮಾ. ಹನ್ನೊಂದನೇ ಕೋಣೆ, ಹೊಟ್ಟೆ ಡಾಕ್ಟ್ರು. ಮುಂದಿನವರು ಬನ್ನಿ."

ಹನ್ನೊಂದನೇ ಕೋಣೆಯ ಮುಂದೆ ಪ್ರತಿ ಬೆಂಚಿನಡಿಯಲ್ಲೂ ಒಂದೊಂದು ಬೇಸಿನ್. ನೀರಿಗೆ ಹೆದರುವವರನ್ನು ಈಜುಕೊಳದಲ್ಲಿ ಕೂರಿಸಿ ಸರದಿ ಕಾಯಿಸುವ ತಮ್ಮ ವ್ಯವಸ್ಥೆಯನ್ನು ಮೆಚ್ಚಲೇಬೇಕು. ಪಕ್ಕದ ಹಿರಿಯರು ಬೇಸಿನ್ನಿಗೆ ಬಗ್ಗಿದ್ದೇ ತಡ, ನಾನು ಗೇಟಿನ ಹೊರಗಿದ್ದೆ. ಒಳಗೆ ನನ್ನ ಹೆಸರು ಕೂಗಿರಬೇಕು.

ಎರಡನೆಯ ಸಲ ಅದೇ ಕೌಂಟರಿನವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ಚರ್ಮ ಸುಲಿಯುವಷ್ಟು ಸಲ ಕೈ ತೊಳೆಯುತ್ತೇನೆ, ಒಣ ಬ್ರೆಡ್ಡು ಬಿಟ್ಟು ಬೇರೇನೂ ತಿನ್ನುವುದಿಲ್ಲ, ಬಸ್ಸು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. "ಒಂದು ಚೀಟಿಗೆ ಒಂದೇ ಕಾಯಿಲೆ. ಇಷ್ಟೆಲ್ಲಾ ಎಲ್ಲಿ ಬರೀಲಿ?" ಎಂದರು. ಗೀಳು, ಊಟ ಬಿಡುವುದು, ಗಾಬರಿ ಎಂದು ನೀವು ಬೇರೆ ಬೇರೆ ಬಾಗಿಲುಗಳಿಗೆ ಫಲಕ ಹಾಕಿದ್ದೀರಿ. ನನ್ನೊಳಗೆ ಅವೆಲ್ಲ ಒಂದೇ ಕೋಣೆಯಲ್ಲಿವೆ ಸ್ವಾಮಿ. ಯಾವುದನ್ನು ಹೊರಗೆ ಬಿಟ್ಟು ಬರಲಿ? ಆ ಸಲವೂ, ಮೂರನೆಯ ಸಲವೂ ಅದೇ ಚೀಟಿ, ಅದೇ ಬೆಂಚು, ಮತ್ತೆ ಗೇಟಿನ ಹೊರಗೆ ನಾನು.

ನಾನು ಅಂಗಿಗಳಿಗೆ ಕಾಜ ಹೊಲಿಯುವವಳು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆಂದು ಟೈಲರ್ ಅಂಗಡಿ ಬಿಟ್ಟೆ. ಈಗ ಮನೆಯಲ್ಲೇ ಕೆಲಸ. ಬಟ್ಟೆಗಂಟು ತರುವವರು ಬಾಗಿಲಲ್ಲಿಟ್ಟು ಹೋಗುತ್ತಾರೆ. ಕೆಲವು ದಿನ ನನ್ನ ಧ್ವನಿ ನನಗೇ ಕೇಳಿಸುವುದಿಲ್ಲ.

ಮೊದಲು ಹೀಗಿರಲಿಲ್ಲ, ತಂಗಿಯ ಮಗಳು ಬರುತ್ತಿದ್ದಳು. ಐದು ವರ್ಷದವಳು. ಕಳೆದ ವರ್ಷ ನನ್ನ ಮನೆಯಲ್ಲೇ ಅವಳಿಗೆ ವಾಂತಿಯಾಯಿತು. ನಾನು ಹೊರಗೋಡಿ ಬಾಗಿಲಿಗೆ ಚಿಲಕ ಹಾಕಿದೆ. ಹೌದು, ಮಗುವನ್ನು ಒಳಗೇ ಬಿಟ್ಟು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳೇ ಸಮಾಧಾನ ಹೇಳಿದಳು: "ದೊಡ್ಡಮ್ಮಾ, ಆಗೋಯ್ತು. ಇನ್ನು ಬರಲ್ಲ. ಬಾಗಿಲು ತೆಗೀತೀಯಾ?"

ತೆಗೆದದ್ದು ನಾನಲ್ಲ, ಪಕ್ಕದ ಮನೆಯಾಕೆ. ಆಮೇಲೆ ತಂಗಿ ಮಗುವನ್ನು ಕಳಿಸಿಲ್ಲ. ಅವಳದೇನೂ ತಪ್ಪಿಲ್ಲ.

ಆದ್ದರಿಂದ ಇದರೊಂದಿಗಿಟ್ಟಿರುವ ಹಳೆಯ ಚೀಟಿ ನೋಡಿ ನನ್ನ ಹೆಸರನ್ನು ಮತ್ತೆ ಬರೆಸಿ. ಚೀಟಿಯಲ್ಲಿ 'ಭಯ' ಎಂದು ಬರೆದು, ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಒಬ್ಬ ಮನೋವೈದ್ಯರ ಬಳಿ ಕಳಿಸಿ. ಸರದಿ ಬರುವವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ, ಕುರ್ಚಿಯೂ ಬೇಡ. ಇನ್ನೊಮ್ಮೆ ಆ ಮಗುವಿಗೆ ವಾಂತಿ ಬಂದರೆ ನಾನು ಅವಳ ಹಣೆ ಹಿಡಿದುಕೊಳ್ಳಬೇಕು.

ಇಂತಿ,
ಚಿಲಕದ ಹೊರಗೇ ಉಳಿದ
ದೊಡ್ಡಮ್ಮ