ಮೂರನೆಯ ಡ್ರಮ್ಮಿನ ಜಾಗ

ಗಿಲ್‌ರಾಯ್
ಶುಕ್ರವಾರ ಬೆಳಿಗ್ಗೆ

ಮೊಮ್ಮಗಳು ಅಕ್ಷಯಾಳಿಗೆ, ಪಕ್ಕದ ಕೋಣೆಯಿಂದ ನಿನ್ನ ಅಜ್ಜಿ ಜವರಮ್ಮ ಬರೆಯುವುದು.

ನಿನಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತಿದೆ. ನಿಮ್ಮಮ್ಮ ಓದಿ ಹೇಳುತ್ತಾಳೆ. ಮಗಳೇ, ನಿನಗೂ ಹೇಳಿಬಿಡುತ್ತೇನೆ: ಇದ್ದದ್ದನ್ನು ಇದ್ದ ಹಾಗೆ ಓದು. ನಾನು ಒರಟಾಗಿ ಬರೆದ ಕಡೆ ನಯ ಮಾಡಬೇಡ, ನನ್ನನ್ನು ನಾನೇ ಬೈದುಕೊಂಡ ಕಡೆ ಹಾರಿಸಬೇಡ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಒತ್ತು ದೀರ್ಘ ತಪ್ಪಿದ್ದರೆ ತಪ್ಪಿರಲಿ.

ಅಕ್ಷಯಾ, ಬಾಯಿಬಿಟ್ಟರೆ ನಾನು ಕೂಗುತ್ತೇನೆ. ಕೂಗಿದರೆ ನೀನು "ಐ ಆಮ್ ಫೈನ್, ಅಜ್ಜಿ" ಅಂದು ಬಾಗಿಲು ಹಾಕಿಕೊಳ್ಳುತ್ತೀಯ. ಮಂಗಳವಾರ ಡ್ರಮ್ಮು ವಾಪಸ್ ಕೊಟ್ಟು ಬಂದಾಗಿನಿಂದ ಇದೇ ನಡೆದಿದೆ. ಕಾಗದ ಕೂಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಎಪ್ಪತ್ತೆರಡು ವರ್ಷದಲ್ಲಿ ನಾನು ಸುಲಭಕ್ಕೆ ಬೆಚ್ಚಿದವಳಲ್ಲ. ಈ ವಾರ ಬೆಚ್ಚಿದ್ದೇನೆ.

ಮೊದಲು ನಾನು ಮಾಡಿದ್ದನ್ನು ಹೇಳುತ್ತೇನೆ, ನಿನಗೆ ಗೊತ್ತಿದ್ದರೂ. ಹೋದ ಶನಿವಾರ ಸ್ಯಾನ್ ಮಟಿಯೋದಲ್ಲಿ ಜಯರಾಮನ ಮನೆಯ ಗೃಹಪ್ರವೇಶ. ಅವನು ನನ್ನ ತಮ್ಮನ ಮಗ. ನನ್ನ ತವರಿನ ಕಡೆಯವರು ಈ ದೇಶದಲ್ಲಿ ಕೊಂಡ ಮೊದಲ ಮನೆ ಅದು. ಸೋದರತ್ತೆ ಅಂದಮೇಲೆ ಮನೆಮಂದಿಯೆಲ್ಲ ಹೋಗಬೇಕು. ಒಬ್ಬರು ಕಡಿಮೆಯಾದರೂ "ಯಾಕೆ, ಏನಾದರೂ ಮುನಿಸೋ?" ಅಂತ ಮಾತು ಹುಟ್ಟುತ್ತದೆ. ಅದೇ ಶನಿವಾರ ಫ್ರೆಸ್ನೋ ಕಡೆಯ ಸ್ಟೇಡಿಯಮ್ಮಿನಲ್ಲಿ ನಿನ್ನ ಡ್ರಮ್ ಕೋರ್ ತಂಡದ ಸ್ಪರ್ಧೆ. ಶುಕ್ರವಾರ ನೀನು ಅಡುಗೆಮನೆಗೆ ಬಂದು ನಿಂತು ಹೇಳಿದೆ: "ಅಜ್ಜಿ, ಶೋ ಇದೆ. ಬೇಸ್ ಡ್ರಮ್ ಐದೇ ಜನ. ನಾನು ಮೂರು."

ನಾನು ಎಳ್ಳಿನ ಚಿಗಣಿ ಉಂಡೆ ಕಟ್ಟುತ್ತಿದ್ದೆ. ತಲೆ ಎತ್ತದೆ ಅಂದೆ: "ಅರವತ್ತು ಜನದಲ್ಲಿ ಒಬ್ಳು ಇಲ್ದಿದ್ರೆ ಆಕಾಸ ಕಳಚ್ಕೊಂಡು ಬೀಳ್ತದಾ? ನಾಳಿಕ್ಕೆ ಹಸಿರು ಸೀರೆ ಉಡು. ಮಾತು ಮುಗೀತು."

ನನ್ನ ತಲೆಯಲ್ಲಿ ಇದ್ದದ್ದು ಮಂಡ್ಯದ ಮದುವೆ ಬ್ಯಾಂಡ್‌ಸೆಟ್ಟು ಕಣೇ. ಅದರಲ್ಲಿ ಡೋಲಿನವನು ಬರದಿದ್ದರೆ ಅವನ ಭಾವಮೈದ ಬರುತ್ತಾನೆ. ಅವನೂ ಬರದಿದ್ದರೆ ಕ್ಲಾರಿನೆಟ್ಟಿನವನು ಇನ್ನಷ್ಟು ಜೋರಾಗಿ ಊದುತ್ತಾನೆ. ಗಂಡು ಕಾರಿನಿಂದ ಇಳಿಯುವಷ್ಟರಲ್ಲಿ ಯಾರು ಇದ್ದರು ಯಾರು ಇಲ್ಲ ಅಂತ ಯಾರಿಗೂ ನೆನಪಿರುವುದಿಲ್ಲ. ನಿಮ್ಮದೂ ಹಾಗೇ ಅಂದುಕೊಂಡೆ. ಅರವತ್ತು ಹುಡುಗ ಹುಡುಗಿಯರು ತುತ್ತೂರಿ, ಡ್ರಮ್ಮು, ಬಾವುಟ ಹಿಡಿದು ಫುಟ್ಬಾಲ್ ಮೈದಾನದಲ್ಲಿ ನುಡಿಸುತ್ತ ನಡೆಯುವುದು. ಅದರಲ್ಲಿ ಒಂದು ತಲೆ ಹೆಚ್ಚಾದರೇನು, ಕಡಿಮೆಯಾದರೇನು! ಅದೂ ಗೆಲ್ಲುವ ತಂಡವೂ ಅಲ್ಲ. ನೂರೈವತ್ತು ಜನರ ದೊಡ್ಡ ತಂಡಗಳಿವೆಯಂತೆ, ಅವರಿಗೆ ಸ್ವಂತ ಲಾರಿಗಳಂತೆ, ಸೇರುವುದಾದರೆ ಅಂಥದ್ದಕ್ಕೆ ಸೇರು ಅಂತ ನಿನ್ನನ್ನು ಎಷ್ಟು ಸಲ ಚುಚ್ಚಿಲ್ಲ ನಾನು.

ಶನಿವಾರ ನಾನೇ ನೆರಿಗೆ ಹಿಡಿದು ಸೀರೆ ಉಡಿಸಿದೆ. ಇನ್ನೂರು ಜನ ಸೇರಿದ್ದರು. ಬೆಳ್ಳಿ ಹಸುವನ್ನು ಬಾಗಿಲು ದಾಟಿಸಿದ್ದಾಯಿತು. ಕರೆಂಟ್ ಒಲೆಯ ಮೇಲೆ ಹಾಲು ಉಕ್ಕುವ ಮೊದಲೇ ಹೋಮದ ಹೊಗೆಗೆ ಅಲಾರಂ ಹೊಡೆದುಕೊಂಡಿತು. ನಾನು ಬಂದವರನ್ನು ಮಾತಾಡಿಸುವುದರಲ್ಲಿ, ಬಡಿಸುವವರನ್ನು ಬೈಯುವುದರಲ್ಲಿ ಇದ್ದೆ. ನಮ್ಮ ಮನೆಯವರೆಲ್ಲ ಬಂದಿದ್ದಾರೆ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಸೋಮವಾರ ಜಯರಾಮ ಫೋನು ಮಾಡಿದ. "ಅತ್ತೆ, ನೀವೆಲ್ಲಾ ಬಂದಿದ್ದು ತುಂಬಾ ಖುಷಿ ಆಯ್ತು. ಅಕ್ಷಯಾ ಒಬ್ಳು ಮಿಸ್ ಆದ್ಲು ನೋಡಿ. ಏನೋ ಡ್ರಮ್ ಪ್ರೋಗ್ರಾಮು ಅಂತಿದ್ರಲ್ಲ? ಇರ್ಲಿ ಬಿಡಿ, ನೆಕ್ಸ್ಟ್ ಟೈಮ್ ಕರ್ಕೊಂಡು ಬನ್ನಿ."

ನನಗೆ ಕಿವಿಗೆ ಕಾದ ಎಣ್ಣೆ ಬಿದ್ದ ಹಾಗಾಯಿತು. "ಬಂದಿದ್ಲು ಕಣೋ ಜಯರಾಮ! ಹಸಿರು ಸೀರೆ ಉಟ್ಟಿದ್ಲು!" ಅಂದೆ. ಅವನು "ಹೌದಾ ಅತ್ತೆ? ಫೋಟೋದಲ್ಲೂ ಕಾಣ್ಲಿಲ್ವಲ್ಲಾ" ಅಂದ. ಅವನು ಕೊಂಕು ಆಡಿದ್ದಲ್ಲ. ನಿಜವಾಗಿ ಕಂಡಿರಲಿಲ್ಲ. ಫೋನಿಟ್ಟು ನಿನ್ನ ಕೋಣೆಗೆ ಬಂದು ಎಲ್ಲಿ ಕೂತಿದ್ದೆ ಅಂತ ಕೇಳಿದೆನಲ್ಲ, ನೀನು "ಮೆಟ್ಟಿಲ ಮೇಲೆ" ಅಂದೆ. ಊಟ ಮಾಡಿದೆಯಾ ಅಂದರೆ ಭುಜ ಕುಣಿಸಿದೆ. ಜಯರಾಮನನ್ನು ಏಕೆ ಅನ್ನಲಿ? ನಿನ್ನನ್ನು ಆ ಮನೆಯ ಬಾಗಿಲು ದಾಟಿಸಿದ ಮೇಲೆ ನಾನೂ ಒಂದು ಸಲವೂ ನಿನ್ನ ಕಡೆ ತಿರುಗಿ ನೋಡಿರಲಿಲ್ಲ.

ಅದು ಮೊದಲನೆಯ ಪೆಟ್ಟು. ಎರಡನೆಯದು ಅದೇ ಸಂಜೆ ಬಿತ್ತು. ನಿಮ್ಮಪ್ಪನಿಗೆ, "ರಘು, ಅದೇನು ಶೋನೋ, ಟೀವಿಯಲ್ಲಿ ಹಾಕಪ್ಪ, ನೋಡೇಬಿಡುತ್ತೇನೆ" ಅಂದೆ. ಯಾರೋ ಸ್ಟೇಡಿಯಮ್ಮಿನ ಮೆಟ್ಟಿಲುಗಳ ಮೇಲಿನಿಂದ ತೆಗೆದ ವಿಡಿಯೋ. ತುತ್ತೂರಿಯವರು ಬಂದರು, ಬಾವುಟದವರು ಬಂದರು, ಹಿಂದೆ ದೊಡ್ಡ ಡ್ರಮ್ಮಿನವರು ಸಾಲಾಗಿ ಬಂದರು. ಒಂದು, ಎರಡು, ಆಮೇಲೆ ಒಂದು ಆಳು ನಿಲ್ಲುವಷ್ಟು ಖಾಲಿ ಜಾಗ, ಆಮೇಲೆ ನಾಲ್ಕು, ಐದು. ಅವರು ತಿರುಗಿದರೆ ಆ ಜಾಗವೂ ತಿರುಗಿತು. ಅವರು ಓಡಿದರೆ ಅದೂ ಓಡಿತು. ಹಲ್ಲು ಬಿದ್ದ ಬಾಯಿಯ ಹಾಗೆ ಅಷ್ಟು ದೂರದಿಂದಲೂ ಎದ್ದು ಕಾಣುತ್ತಿತ್ತು. ಐದು ಡ್ರಮ್ಮಿಗೂ ಒಂದೊಂದೇ ಸ್ವರ ಅಂತ ನನಗೇನು ಗೊತ್ತು? ನುಡಿ ಮೇಲಿನಿಂದ ಇಳಿದು ಬರುತ್ತದೆ, ನಡುವೆ ತಟ್ಟನೆ ಕಾಣೆಯಾಗುತ್ತದೆ, ಮತ್ತೆ ಕೆಳಗೆ ಏಳುತ್ತದೆ. ಟೀವಿ ಕೆಟ್ಟಿದೆ ಅಂದುಕೊಂಡು ರಿಮೋಟನ್ನು ತೊಡೆಗೆ ಬಡಿದೆ. ರಘು ಮೆಲ್ಲಗೆ ಹೇಳಿದ: "ಟೀವಿ ಸರಿಯಿದೆ ಅತ್ತೆ. ಅದು ಅಕ್ಷಯಾ ಬಾರಿಸಬೇಕಿದ್ದ ಸ್ವರ."

ಆ ಹನ್ನೊಂದು ನಿಮಿಷದ ಶೋ ಮುಗಿಯುವವರೆಗೂ ನೋಡಿದೆ. ನೀನು ಇದ್ದ ಮನೆಯಲ್ಲಿ ಇನ್ನೂರು ಜನಕ್ಕೆ ನೀನು ಕಾಣಲಿಲ್ಲ. ನೀನು ಇಲ್ಲದ ಮೈದಾನದಲ್ಲಿ ನೀನೊಬ್ಬಳೇ ಕಾಣುತ್ತಿದ್ದೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ನೋಡು, ಬಂದದ್ದು ಸಿಟ್ಟು. ಮಂಗಳವಾರ ನೀನು ಡ್ರಮ್ಮು ಕೊಟ್ಟು ಬಂದು ನಿಮ್ಮಮ್ಮನ ಹತ್ತಿರ, "ನನ್ನನ್ನು ನಂಬಬೇಡಿ ಅಂತ ಹೇಳಿ ಬಂದೆ" ಅಂದೆಯಂತೆ. ಅದನ್ನು ಕೇಳಿದ ಮೇಲಂತೂ, ನನ್ನ ಕೂಸನ್ನು ಊರ ಮುಂದೆ ನಾಚಿಸಲು ಬೇಕಂತಲೇ ಆ ಸಂದಿ ಬಿಟ್ಟಿದ್ದಾರೆ ಅಂತ ತೀರ್ಮಾನ ಮಾಡಿಕೊಂಡೆ. ನಿನ್ನೆ ರಘುವನ್ನು ಎಳೆದುಕೊಂಡು ನಿಮ್ಮ ಪ್ರಾಕ್ಟೀಸಿನ ಮೈದಾನಕ್ಕೆ ಹೋದೆ. ಜಗಳಕ್ಕೇ ಹೋದದ್ದು. "ಅತ್ತೆ, ಪ್ಲೀಸ್, ಬ್ರೇಕ್ ಆಗೋವರ್ಗೂ ವೆಯ್ಟ್ ಮಾಡಿ" ಅಂತ ಅವನು ಕೈಮುಗಿದ. ಅದಕ್ಕೇ ನಿಂತೆ. ನಿಂತದ್ದರಿಂದ ನೋಡಿದೆ.

ಬೆಂಕಿಯಂಥ ಬಿಸಿಲು, ಗಾಳಿಯಲ್ಲಿ ಈ ಊರಿನ ಬೆಳ್ಳುಳ್ಳಿ ವಾಸನೆ. ಅದೇ ಎಂಟು ಹೆಜ್ಜೆ, ಅದೇ ಎಂಟು ಹೆಜ್ಜೆ. ಮೇಷ್ಟ್ರು "ಮತ್ತೆ" ಅಂದರೆ ಎಲ್ಲರೂ ಹಿಂದಕ್ಕೆ ಓಡುತ್ತಾರೆ. ಒಬ್ಬರೂ ಗೊಣಗಲಿಲ್ಲ, ಒಬ್ಬರೂ ಫೋನು ತೆಗೆಯಲಿಲ್ಲ. ಈ ದೇಶದಲ್ಲಿ ಇಂಥ ಮಕ್ಕಳಿವೆಯೇ ಅಂತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಷ್ಟರಲ್ಲಿ ಐದನೇ ಡ್ರಮ್ಮಿನ ಹುಡುಗ, ಆನೆಮರಿಯಂಥವನು, ತಾಳಕ್ಕಿಂತ ಮುಂದೆ ಹೋಗಿಬಿಟ್ಟ. ತಕ್ಷಣ ಉಳಿದ ಮೂವರೂ ಒಟ್ಟಿಗೆ ಅರಚಿದರು: "ಯಾಕ್ಲಾ ಅವ್ಸರ!"

ಅದು ನನ್ನ ಮಾತು! ಚಿಕ್ಕಂದಿನಿಂದ ನಿನಗೆ ಊಟಕ್ಕೆ, ಸ್ನಾನಕ್ಕೆ, ಮೆಟ್ಟಿಲಿಳಿಯುವುದಕ್ಕೆ ನಾನು ಬೈದ ಮಾತು, ಮೆಕ್ಸಿಕೋ ಕಡೆಯ ಮಕ್ಕಳ ಬಾಯಲ್ಲಿ! ನನ್ನ ಹತ್ತಿರ ಒಂದು ಪೂರ್ತಿ ಸಾಲು ಕನ್ನಡ ಆಡದವಳು ಅಲ್ಲಿ ಹೋಗಿ ಇಡೀ ಸಾಲಿಗೆ ಕಲಿಸಿದ್ದೀಯ. ರಘು ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ.

ಬ್ರೇಕ್ ಆಯಿತು. ನಾನು ಸೀದಾ ಮೇಷ್ಟ್ರ ಮುಂದೆ ನಿಂತು ನನ್ನ ಇಂಗ್ಲಿಷಿನಲ್ಲಿ, "ವೈ ಯು ಶೋ ಹೋಲ್? ಮೈ ಗರ್ಲ್ ಶೇಮ್!" ಅಂದೆ. ಅವರಿಗೆ ಅರ್ಥವಾಗುವ ಮೊದಲು ಎರಡನೇ ಡ್ರಮ್ಮಿನ ಹುಡುಗಿಗೆ ಅರ್ಥವಾಯಿತು. ಯೆಸೇನಿಯಾ ಅಂತೆ ಹೆಸರು. ಅವಳು ಕೈ ಒರೆಸಿಕೊಂಡು ಬಂದು ಹೇಳಿದ್ದನ್ನು ರಘು ಕನ್ನಡ ಮಾಡಿದ. "ಅಜ್ಜಿ, ಅದು ಶೇಮ್ ಅಲ್ಲ, ಅವಳ ಜಾಗ. ನಾವು ಒತ್ತರಿಸಿಕೊಂಡು ನಿಂತುಬಿಟ್ಟರೆ ಅವಳು ಬಂದಾಗ ನಿಲ್ಲುವುದೆಲ್ಲಿ? ಅವಳು ನನ್ನ ಎಡಗಡೆ ಇದ್ದರೇ ನನಗೆ ನನ್ನ ಹೆಜ್ಜೆ ಗೊತ್ತಾಗೋದು."

ಆಮೇಲೆ ಅವಳು ನಿನ್ನ ಬಗ್ಗೆ ಹೇಳುತ್ತ ಹೋದಳು. ಯಾರ ಮನೆ ಮಗಳ ಸುದ್ದಿ ಇದು ಅನ್ನುವ ಹಾಗೆ ನಾನು ಕೇಳುತ್ತ ನಿಂತೆ. ಅವಳ ತಾಯಿಗೆ ಬೆಳ್ಳುಳ್ಳಿ ಪ್ಯಾಕ್ ಮಾಡುವ ಕಡೆ ನಸುಕಿನ ಶಿಫ್ಟಂತೆ, ಇರುವ ಒಂದೇ ಕಾರು ತಾಯಿಯ ಜೊತೆ ಹೋಗುತ್ತದಂತೆ. ಬರಲಾಗದೆ ಅವಳು ತಂಡವನ್ನೇ ಬಿಟ್ಟುಬಿಡುತ್ತೇನೆ ಅಂದಾಗ, ನೀನು ಲೈಸೆನ್ಸು ಬಂದ ಮಾರನೆಯ ದಿನದಿಂದ ದಿನಾ ಹೋಗಿ ಕರೆದುಕೊಂಡು ಬರುತ್ತಿದ್ದೀಯಂತೆ. ಬೆಳ್ಳಂಬೆಳಿಗ್ಗೆ ಕಾರು ತಿರುಗಿಸುವ ಶೋಕಿ ಅಂತ ನಾನು ಬೈಯುತ್ತಿದ್ದೆನಲ್ಲ, ಅದು ಇದಕ್ಕಂತೆ! ಹೇಳಬಾರದಿತ್ತೇನೇ ಬಾಯಿಬಿಟ್ಟು? ಹೊಸಬರಿಗೆಲ್ಲ ನೀನೇ ಮುಂದೆ ನಿಂತು ಕಲಿಸುತ್ತೀಯಂತೆ. ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರೆದುರು ಐದು ನಿಮಿಷ ಮಾತಾಡಬೇಕು ಅಂದಿದ್ದಕ್ಕೆ ವಾಂತಿ ಮಾಡಿಕೊಂಡವಳು ನೀನು. ಅವತ್ತು ಬಕೆಟ್ಟು ತೊಳೆದದ್ದು ನಾನು.

ನನ್ನ ಬಾಯಿ ಸುಮ್ಮನಿರಲಿಲ್ಲ. ಇಷ್ಟು ಚೆನ್ನಾಗಿದ್ದರೆ ಇದು ಯಾಕೆ ಇಷ್ಟು ಚಿಕ್ಕ ತಂಡ ಅಂತ ಮೇಷ್ಟ್ರನ್ನೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ದೊಡ್ಡ ತಂಡದಲ್ಲಿ ಒಂದು ಜಾಗಕ್ಕೆ ಇಪ್ಪತ್ತು ಜನ ಕಾದಿರುತ್ತಾರಂತೆ. ಚಿಕ್ಕಂದಿನಿಂದ ಮೇಷ್ಟ್ರನ್ನಿಟ್ಟು ಕಲಿತವರು. ಇಲ್ಲಿಗೆ ಬರುವವರು ಕೋಲು ಹಿಡಿಯಲು ಬಾರದೆ ಬರುತ್ತಾರೆ, ಇಲ್ಲೇ ಕಲಿಯುತ್ತಾರೆ. ಯೆಸೇನಿಯಾಳಂಥವರಿಗೆ ಬೇರೆ ಬಾಗಿಲಿಲ್ಲ. "ಮಕ್ಕಳು ಇದ್ದಾರೆ, ಕಲಿಯುತ್ತಾರೆ. ನಮಗೆ ಇಲ್ಲದಿರುವುದು ದೊಡ್ಡವರು" ಅಂದರು. ಬಟ್ಟೆ ಹೊಲಿಯುವವರಿಲ್ಲ, ಲಾರಿ ಓಡಿಸುವವರಿಲ್ಲ, ಬೇಯಿಸುವವರಿಲ್ಲ. ಹೋದ ವರ್ಷ ಇಂಥದೇ ಎರಡು ತಂಡ ಮುಚ್ಚಿಹೋದವಂತೆ. ಮಧ್ಯಾಹ್ನದ ಊಟ ಏನು ಅಂತ ಹೋಗಿ ನೋಡಿದೆ. ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿದ್ದರು. ಅಷ್ಟು ಹೊತ್ತು ಬಿಸಿಲಲ್ಲಿ ಡ್ರಮ್ಮು ಹೊತ್ತ ಮಕ್ಕಳಿಗೆ! ಡೇಕೇರಿನ ಅಡುಗೆಮನೆಯಲ್ಲಿ ಹದಿನೈದು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದ ಕೈ ಇದು. ಭಾನುವಾರದ ಊಟ ನನ್ನದು ಅಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಬಸ್ಸು ಹೊರಡುತ್ತದೆ. ಈ ಬೇಸಿಗೆಯ ಕೊನೆಯ ಸ್ಪರ್ಧೆ. ನಿನ್ನ ಜಾಗಕ್ಕೆ ಯಾರನ್ನೂ ಹಾಕಿಲ್ಲ, ಹಾಕಲು ಯಾರೂ ಇಲ್ಲ. ನಾನು "ಅವಳನ್ನು ಕರೆದುಕೊಂಡು ಬರ್ತೀನಿ, ನನ್ನ ಜವಾಬ್ದಾರಿ" ಅಂದೆ. ಮೇಷ್ಟ್ರು ತಲೆ ಆಡಿಸಿದರು. "ಬೇಡ ಗ್ರ್ಯಾಂಡ್ಮಾ. ಬಿಡಿಸಿದ್ದೂ ನೀವೇ, ಕರೆತರುವುದೂ ನೀವೇ ಆಗಬಾರದು. ಅವಳೇ ಬಂದು ಹೇಳಬೇಕು." ಹೀಗೆ ನನಗೆ ಎದುರು ಮಾತಾಡಿ ಉಳಿದವರಿಲ್ಲ. ಬಂದು ಕಾರು ಹತ್ತಿದೆ.

ಅದೇ ಭಾನುವಾರ ಜಯರಾಮನ ಹೆಂಡತಿಗೆ ಸೀಮಂತ. ಮೊದಲು ಬಳೆ ತೊಡಿಸಬೇಕಾದವಳು ನಾನು. ನಿನ್ನೆ ಸಂಜೆಯೇ ಅವನಿಗೆ ಫೋನು ಮಾಡಿ, ನಾನು ಬರುವುದಿಲ್ಲ, ಅಕ್ಷಯಾಳನ್ನೂ ಕರೆಯಬೇಡ, ನಮ್ಮ ಮನೆಯಿಂದ ಅಕ್ಷಯಾಳ ಅಮ್ಮ ಬರುತ್ತಾಳೆ ಅಂದೆ. "ಡ್ರಮ್ಮಿಗೋಸ್ಕರ ಸೀಮಂತ ಬಿಡ್ತೀರಾ ಅತ್ತೆ? ಜನ ಏನಂತಾರೆ?" ಅಂದ. ಏನಾದರೂ ಅಂದುಕೊಳ್ಳಲಿ ಅಂದೆ. ಅವನಿಗೆ ನೋವಾಗಿದೆ, ನನಗೂ ಆಗಿದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ತಲೆಗೆ ಹಚ್ಚಿಕೊಳ್ಳಬೇಡ.

ಅಕ್ಷಯಾ, ನಾನು ಯಾರನ್ನೂ ಕೇಳಿಕೊಂಡವಳಲ್ಲ. ಹೇಳುವುದು, ಮಾಡಿಸುವುದು, ಅಷ್ಟೇ ಗೊತ್ತು. ಈಗ ಕೇಳಿಕೊಳ್ಳುತ್ತೇನೆ. ನೀನು ನಂಬಿಕೆ ಕಳೆದವಳಲ್ಲ. ಕಳೆದದ್ದು ನಾನು. ನನ್ನ ತಪ್ಪನ್ನು ನೀನು ಹೊತ್ತುಕೊಂಡು ಮನೆಯಲ್ಲಿ ಕೂರಬೇಡ. ಹೋಗು. ಇನ್ನು ಮೇಲೆ ನಿನ್ನ ಶೋ ದಿನ ಈ ಮನೆಯಲ್ಲಿ ಯಾರೂ ನಿನಗೆ ಸೀರೆ ಉಡಿಸುವುದಿಲ್ಲ.

ಹೋಗುವುದಿಲ್ಲ ಅಂದರೆ ಬಾಗಿಲು ಬಡಿಯುವುದಿಲ್ಲ, ಆಣೆ. ನಾನಂತೂ ಹೋಗುತ್ತೇನೆ. ಅರವತ್ತು ಜನಕ್ಕೆ ಬಿಸಿಬೇಳೆಬಾತು ಇಳಿಸಿ, ಮಕ್ಕಳಿಗೆಲ್ಲ ಬಡಿಸಿ, ಆಮೇಲೆ ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಿ ಕೂರುತ್ತೇನೆ. ಎರಡನೇ ಡ್ರಮ್ಮಿನವಳ ಮಗ್ಗುಲಲ್ಲಿ ನೀನಿದ್ದರೆ ನಿನ್ನನ್ನು ನೋಡುತ್ತೇನೆ. ಇಲ್ಲದಿದ್ದರೆ ಆ ಖಾಲಿ ಜಾಗವನ್ನು ಹನ್ನೊಂದು ನಿಮಿಷವೂ ಕಣ್ಣು ಕೀಳದೆ ನೋಡುತ್ತೇನೆ. ಮಾಡಿದವಳು ನಾನು, ನೋಡಬೇಕಾದವಳೂ ನಾನೇ.

ನಿನ್ನ ಭುಜ ಗಟ್ಟಿಯಾಗಿರಲಿ, ನೀನು ನಿಂತ ಕಡೆ ನಿನ್ನ ಪಕ್ಕದವರಿಗೆ ಹೆಜ್ಜೆ ಸಿಗಲಿ. ನೂರು ಕಾಲ ಬಾಳು, ತಾಯಿ.

ನಿನ್ನ ಬಾಗಿಲ ಹೊರಗಿರುವ ಅಜ್ಜಿ,
ಜವರಮ್ಮ