ನಲವತ್ತೊಂದನೆಯ ಹಾಡು

ಬ್ಯಾರೋ
ಮಂಗಳವಾರ, 9 ಮಾರ್ಚ್ 1982

ಪ್ರೀತಿಯ ಮಗ ಕಾಲಿನ್‌ಗೆ,

ಹೇಗಿದ್ದೀಯಪ್ಪಾ? ಆ ಕೆಮ್ಮು ಹೋಯಿತೋ, ಇನ್ನೂ ಹಾಗೇ ಇದೆಯೋ? ವ್ಯಾನಿನಲ್ಲಿ ಮಲಗಬೇಡ ಎಂದರೆ ನೀನು ಕೇಳುವವನಲ್ಲ. ಬರೀ ಚಿಪ್ಸ್ ತಿಂದು ದಿನ ತಳ್ಳಬೇಡ, ಹೊಟ್ಟೆಗೆ ಬಿಸಿಯಾಗಿ ಏನಾದರೂ ಹಾಕಿಕೊ. ನಿನ್ನ ರೂಮಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಬೇರೆ ಬೇರೆ ಹುಡುಗರು ಎತ್ತಿ ನೀನಿಲ್ಲ ಎಂದರು. ಹಿಂದಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಹೆತ್ತವಳಿಗೆ ಮಗನ ಕೆಮ್ಮು ಗೊತ್ತಾಗುವುದಿಲ್ಲವೇನೋ? ಇರಲಿ, ಬೈಯುವುದಕ್ಕೆ ಬರೆಯುತ್ತಿಲ್ಲ. ನಾವು ಚೆನ್ನಾಗಿದ್ದೇವೆ. ಅಪ್ಪನ ಮಂಡಿ ನೋವು ಮಾತ್ರ ಇದ್ದ ಹಾಗೇ ಇದೆ.

ವಾರದ ಮಾರಾಟದ ಪಟ್ಟಿಯಲ್ಲಿ ನಿನ್ನ ಹಾಡು ನಲವತ್ತರೊಳಗೆ ಬಂದರೆ ಎರಡನೆಯ ರೆಕಾರ್ಡು, ಬರದಿದ್ದರೆ ಕರಾರು ಅಲ್ಲಿಗೇ ಮುಗಿಯಿತು ಎಂದು ನಿನ್ನ ಕಂಪನಿಯವರು ಹೇಳಿದ್ದನ್ನು ನೀನು ಬರೆದಾಗಿನಿಂದ ಈ ಮನೆಯಲ್ಲಿ ಬೇರೆ ಮಾತೇ ಇಲ್ಲ. ಪಟ್ಟಿ ಮಂಗಳವಾರವೇ ಹೊರಬೀಳುತ್ತದೆ, ಆದರೆ ಆ ಹೊತ್ತಿಗೆ ಅಪ್ಪ ಹಡಗುಕಟ್ಟೆಯಲ್ಲಿ, ನಾನು ಶಾಲೆಯ ಅಡುಗೆಮನೆಯಲ್ಲಿ. ನಮಗೆ ಭಾನುವಾರದ ರೇಡಿಯೋನೇ ಗತಿ. ಹ್ಯಾಮ್ ಸ್ಯಾಂಡ್‌ವಿಚ್ ಮಾಡಿ, ಪೀಚ್ ಡಬ್ಬಿ ಒಡೆದು ಕುಳಿತೆವು. ಮೊದಲು ಓದಿದ ನಲವತ್ತನೆಯ ಹಾಡು ನಿನ್ನದಲ್ಲ. ನಾನು ಕೈಯಲ್ಲಿದ್ದ ಸ್ಯಾಂಡ್‌ವಿಚ್ ತಟ್ಟೆಗಿಟ್ಟೆ. ಅಪ್ಪ ಮಾತ್ರ, "ಹಂಗಾದ್ರೆ ಇನ್ನೂ ಮೇಲಿರ್ಬೇಕು ಕಣೇ" ಎಂದು ಇನ್ನೊಂದು ಸ್ಯಾಂಡ್‌ವಿಚ್ ತೆಗೆದುಕೊಂಡರು. ಮೂವತ್ತಾಯಿತು, ಇಪ್ಪತ್ತಾಯಿತು. ಹತ್ತಕ್ಕೆ ಬಂದಾಗ ತಿನ್ನುವುದನ್ನು ನಿಲ್ಲಿಸಿದರು. ಒಂದನೆಯ ಹಾಡು ಪೂರ್ತಿ ಮುಗಿಯುವವರೆಗೂ ಅಲ್ಲಾಡದೆ ಕುಳಿತಿದ್ದು, ಆಮೇಲೆ ರೇಡಿಯೋ ಆರಿಸಿ, "ಓದೋವಾಗ ಎಲ್ಲೋ ಬಿಟ್ಬಿಟ್ಟಿದಾರೆ" ಎಂದರು. ನಾನು ತಟ್ಟೆ ತೊಳೆಯಲು ಎದ್ದು ಹೋದೆ.

ನಿನ್ನೆ ಕೆಲಸ ಮುಗಿಸಿ ವಿನಿ ಫೆಲ್‌ಳ ರೆಕಾರ್ಡ್ ಅಂಗಡಿಗೆ ಹೋದೆ. ಅವಳ ಕೌಂಟರಿನ ಮೇಲಿರುವ ಅಚ್ಚಿನ ಪಟ್ಟಿಯಲ್ಲಿ ನಲವತ್ತರ ಕೆಳಗಿನವೂ ಇರುತ್ತವೆ. ನಲವತ್ತೊಂದು. ಬೆರಳಿಟ್ಟು ಎರಡು ಸಲ ನೋಡಿದೆ, ನಿನ್ನ ಹೆಸರೇ. ವಿನಿ ನನ್ನನ್ನು ಒಳಗೆ ಕರೆದು ಕೂರಿಸಿ, ಟೀ ಕೊಟ್ಟು, ತಾನೇ ಅಳಲು ಶುರುಮಾಡಿದಳು.

ಈಗ ನಾನು ಹೇಳುವುದನ್ನು ಕೋಪ ಮಾಡಿಕೊಳ್ಳದೆ ಓದು. ನೀನು ಹಡಗುಕಟ್ಟೆಯ ಕೆಲಸ ಬಿಟ್ಟು ಆ ಕೀಬೋರ್ಡು ಹೊತ್ತುಕೊಂಡು ಹೋದಾಗ ಅಪ್ಪ ಏನೆಂದರು ಎಂದು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಹೊಲಿಗೆ ಮಷಿನ್ನಿಗಾದರೂ ಒಂದು ಉಪಯೋಗ ಇದೆ ಎಂದಿದ್ದರು. ಒಂದೂವರೆ ವರ್ಷ ನಿಮ್ಮಿಬ್ಬರ ನಡುವೆ ನೆಟ್ಟಗೆ ನಾಲ್ಕು ಮಾತಿಲ್ಲ. ಆದರೆ ಹಾಡು ಪಟ್ಟಿ ಹತ್ತುತ್ತಿದೆ ಎಂದು ಗೊತ್ತಾದ ಮೇಲೆ ಅವರು ಬೇರೆಯೇ ಮನುಷ್ಯರಾದರು. ಯಾವ ಅಂಗಡಿಯ ಮಾರಾಟದ ಪುಸ್ತಕ ಪಟ್ಟಿ ಮಾಡುವವರಿಗೆ ಹೋಗುತ್ತದೆ ಎನ್ನುವುದು ಗುಟ್ಟಂತೆ. ಬ್ಯಾರೋದಲ್ಲಿ ಅದು ವಿನಿಯ ಅಂಗಡಿ ಎನ್ನುವುದು ಊರಿಗೆಲ್ಲ ಗೊತ್ತಿರುವ ಗುಟ್ಟು! ಬೇರೆ ಕಡೆ ಕೊಂಡರೆ ಸಮುದ್ರಕ್ಕೆ ಎಸೆದ ಹಾಗೆ ಎಂದು ಅಪ್ಪ ಲೆಕ್ಕ ಹಾಕಿದರು. ಕಳೆದ ತಿಂಗಳ ಕೊನೆಯ ಶನಿವಾರ, ವೆಲ್ಡಿಂಗ್ ಶೆಡ್ಡಿನ ನಲವತ್ತಮೂರು ಜನರನ್ನು ಮೈಮೇಲಿನ ಕೆಲಸದ ಬಟ್ಟೆಯಲ್ಲೇ ಅವಳ ಅಂಗಡಿ ಮುಂದೆ ಸಾಲು ನಿಲ್ಲಿಸಿದರು. ಅವರಲ್ಲಿ ಅರ್ಧ ಜನರ ಮನೆಯಲ್ಲಿ ರೆಕಾರ್ಡ್ ಪ್ಲೇಯರೇ ಇಲ್ಲ. ಕಿವಿ ಪೂರ್ತಿ ಹೋಗಿರುವ ನಾರ್ಮನ್ ಕೂಡ ಒಂದು ಕೊಂಡನಂತೆ. ವಿನಿ ಪ್ರಾಮಾಣಿಕಳು, ಒಂದೂ ಬಿಡದೆ ಪುಸ್ತಕದಲ್ಲಿ ಬರೆದಳು.

ಅದಾದ ಸೋಮವಾರವೇ ಲಂಡನ್ನಿನಿಂದ, ಪಟ್ಟಿ ಮಾಡುವವರಿಂದ, ಅವಳಿಗೆ ಫೋನ್ ಬಂತು. ಸುತ್ತಮುತ್ತ ಎಲ್ಲೂ ಒಂದೆರಡಕ್ಕಿಂತ ಹೆಚ್ಚು ಹೋಗದ ಹಾಡು ನಿಮ್ಮಲ್ಲಿ ಒಂದೇ ಮಧ್ಯಾಹ್ನ ಇಷ್ಟು ಹೇಗೆ ಹೋಯಿತು, ಯಾರು ದುಡ್ಡು ಕೊಟ್ಟು ಕೊಳ್ಳಿಸಿದರು ಎಂದು ಕೇಳಿದರಂತೆ. ಹುಡುಗನ ಅಪ್ಪ, ಅವರ ಜೊತೆ ಕೆಲಸ ಮಾಡುವವರು ಎಂದು ಅವಳು ಹೇಳಿದಳಂತೆ. ಅದನ್ನು ಯಾರು ನಂಬುತ್ತಾರೆ? ಆ ಅಂಗಡಿಯಲ್ಲಿ ಆ ವಾರ ಹೋದ ನಿನ್ನ ಹಾಡನ್ನೆಲ್ಲ ಲೆಕ್ಕದಿಂದ ಹೊಡೆದುಹಾಕಿದರು. ಹೈಸ್ಕೂಲಿನ ಹುಡುಗಿಯರು ತಮ್ಮಷ್ಟಕ್ಕೆ ತಾವೇ ಬಂದು ಆಸೆಯಿಂದ ಕೊಂಡಿದ್ದವೂ ಅದರ ಜೊತೆಗೇ ಹೋದವು. ನಲವತ್ತರೊಳಗೆ ಬರಲು ಅವಿದ್ದಿದ್ದರೇ ಸಾಕಾಗುತ್ತಿತ್ತು ಎನ್ನುತ್ತಾಳೆ ವಿನಿ. ಅವಳ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ ಮಗಾ, ಆದರೆ ರಾತ್ರಿಯಿಂದ ನನ್ನ ತಲೆಯಲ್ಲಿ ಅದೇ ಕೂತುಬಿಟ್ಟಿದೆ.

ಅಪ್ಪನಿಗೆ ಇದು ಗೊತ್ತಿಲ್ಲ, ನಲವತ್ತೊಂದು ಎಂದಷ್ಟೇ ಹೇಳಿದ್ದೇನೆ. ಹೇಗೆ ಹೇಳಲಿ? ತಾವು ಮಾಡಿದ್ದರಿಂದಲೇ ನೀನು ನಲವತ್ತೊಂದರವರೆಗಾದರೂ ಬಂದೆ ಎಂದುಕೊಂಡಿದ್ದಾರೆ. ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತಾ, "ಇನ್ನೊಂದು ಹತ್ತು ಜನರನ್ನ ಕರ್ಕೊಂಡು ಹೋಗ್ಬೇಕಿತ್ತು, ನನ್ನದೇ ತಪ್ಪು" ಎಂದರು. ಹೂಂ ಎಂದೆ. ಹೇಳುವ ಬದಲು ಅವರ ಊಟದ ಡಬ್ಬಿ ಕಟ್ಟಿಕೊಟ್ಟೆ. ನಿನಗೆ ಹೇಳದೆಯೂ ಇರಲಾಗಲಿಲ್ಲ. ಹಾಡು ಚೆನ್ನಾಗಿಲ್ಲದ್ದಕ್ಕೆ ಹೀಗಾಯಿತು ಎಂದು ನೀನು ಆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರೆ, ಅದು ಹಾಗಲ್ಲ ಕಂದಾ. ಯಾರದು ತಪ್ಪು ಎಂದು ಕೇಳಿದರೆ ನನಗೆ ಯಾರ ಕಡೆಗೂ ಬೆರಳು ತೋರಿಸಲು ಆಗುವುದಿಲ್ಲ.

ಕಂಬಳಿ ಬೇಕಿದ್ದರೆ ಬರೆ, ಕಳಿಸುತ್ತೇನೆ. ವಿನಿ ನಿನ್ನನ್ನು ಬಹಳ ಕೇಳಿದಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ
ಅಮ್ಮ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಪ್ಪ ಬಂದರು. ಗುರುವಾರ ರಜೆ ಹಾಕಿ ಲಂಡನ್ನಿಗೆ ಟಿಕೆಟ್ ತಂದಿದ್ದಾರೆ! ಕಂಪನಿಗೇ ಹೋಗಿ, ಒಂದೇ ಅಂಗಡಿಯಲ್ಲಿ ಒಂದೇ ಮಧ್ಯಾಹ್ನ ನಲವತ್ತಮೂರು ಜನ ಕೊಂಡಿದ್ದಾರೆ, ಇಂಥ ಹುಡುಗನನ್ನು ಬಿಡುತ್ತೀರಾ ಎಂದು ಕೇಳುತ್ತಾರಂತೆ. ಸಾಕ್ಷಿಗೆ ಎಲ್ಲರ ಹೆಸರು ಬರೆದು ಸಹಿ ಹಾಕಿಸಿಕೊಂಡಿದ್ದಾರೆ. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು, ಅದು ನನ್ನಿಂದಾಗಲಿಲ್ಲ. ಯೂಸ್ಟನ್ ಸ್ಟೇಷನ್ನಿಗೆ ರೈಲು ಒಂದು ಗಂಟೆಗೆ ಬರುತ್ತದೆ. ನೀನು ಮೊದಲೇ ಅಲ್ಲಿರು. ಎಲ್ಲಿಗಾದರೂ ಕರೆದುಕೊಂಡು ಹೋಗು, ಆ ಆಫೀಸಿಗೆ ಮಾತ್ರ ಬೇಡ. ಆ ಹೆಸರುಗಳನ್ನೆಲ್ಲ ನಿನಗೆ ಓದಿ ಹೇಳುತ್ತಾರೆ. ಕೊನೆಯವರೆಗೂ ಕೇಳು, ಮಗಾ. ಕೇಳಿಯಾದ ಮೇಲೆ, ಬಹಳ ಉಪಕಾರವಾಯಿತು ಅಪ್ಪಾ ಅನ್ನು.